ಬಿಸಿಲು ಹೇಗಿರುತ್ತದೆ ಎನ್ನುವುದಕ್ಕಿಂತ ರಾತ್ರಿ ಹೇಗಿತ್ತು ಎಂದು ಕೇಳಿ

ನೀವು ಜ್ಯೂರಿಕ್‌ಗೆ ಬಂದು ಏಳು ತಿಂಗಳಾಯಿತು, ಚಳಿಗಾಲವೆಲ್ಲ ಮನೆಯೊಳಗೇ ಕಳೆಯಿತು, ಈಗ ಏಪ್ರಿಲ್. ಶನಿವಾರ ಪೂರ್ತಿ ಬಿಸಿಲಂತೆ, ನಾಲ್ವರು ಸ್ನೇಹಿತರು ಸ್ವಿಟ್ಜರ್ಲೆಂಡಿನ ಪೂರ್ವದ ಗ್ರೌಬ್ಯೂಂಡೆನ್ ಪ್ರಾಂತದ ಕಡೆಯ ಬೆಟ್ಟ ಹತ್ತಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹತ್ತಬಹುದು. ಆದರೆ ನೀವು ಬರೆದ ಯೋಜನೆಯಂತೆ ಬೇಡ. ಒಂಬತ್ತಕ್ಕೆ ರೈಲು, ಹನ್ನೆರಡಕ್ಕೆ ನಡಿಗೆ, ಮೂರಕ್ಕೆ ತುದಿ ಎಂದಿದ್ದೀರಿ. ಜುಲೈನಲ್ಲಿ ಅದು ಸೋಮಾರಿಗಳ ಯೋಜನೆ, ಅಷ್ಟೆ. ಏಪ್ರಿಲ್‌ನಲ್ಲಿ ಹಿಮದ ಅಪಾಯವನ್ನು ಹುಡುಕಿಕೊಂಡು ಹೋದಂತೆ.

ನಮ್ಮ ಪತ್ರಿಕೆಗಳು ಹಿಮ ಬೀಳುವುದಕ್ಕೂ ಇಳಿಜಾರಿನಿಂದ ಹಿಮ ಜಾರಿ ಬರುವುದಕ್ಕೂ ಒಂದೇ ‘ಹಿಮಪಾತ’ ಎಂಬ ಪದ ಬಳಸುತ್ತವೆ. ನಾನು ಹೇಳುತ್ತಿರುವುದು ಎರಡನೆಯದನ್ನು, ಹಿಮಕುಸಿತವನ್ನು. ಅದು ಚಳಿಗಾಲದ ಕಥೆ, ವಸಂತದಲ್ಲಿ ಮುಗಿಯಿತು ಎಂದೇ ಹೊಸಬರೆಲ್ಲ ನಂಬುತ್ತಾರೆ. ನಾನೂ ನಂಬಿದ್ದೆ.

ವಸಂತದ ಹಿಮ ಹಗಲು ಕರಗಿ ಇರುಳು ಗಟ್ಟಿಯಾಗುತ್ತದೆ. ಮೋಡವಿಲ್ಲದ ರಾತ್ರಿ ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಗಾಳಿಯ ಉಷ್ಣತೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲಿದ್ದರೂ ಹೊರಪದರ ಕಲ್ಲಿನಂತೆ ಹೆಪ್ಪುಗಟ್ಟಬಲ್ಲದು. ಮೋಡ ಕವಿದ ರಾತ್ರಿ, ಮಳೆ ಬಿದ್ದ ರಾತ್ರಿ, ಇಲ್ಲವೇ ಫ್ಯೋನ್ ಎಂಬ ಬೆಚ್ಚನೆಯ ಗಾಳಿ ಬೀಸಿದ ರಾತ್ರಿ ಹೀಗಾಗುವುದಿಲ್ಲ. ಬೆಳಗಾಗುವಾಗಲೇ ಹಿಮ ನೆನೆದ ಅವಲಕ್ಕಿಯಂತೆ ಬಿದ್ದಿರುತ್ತದೆ. ಆಮೇಲೆ ಎಷ್ಟು ಚಂದದ ಬಿಸಿಲು ಬಂದರೂ ಆ ದಿನ ಕೆಟ್ಟಂತೆಯೇ. ಬಿಸಿಲು ಅದನ್ನು ಇನ್ನಷ್ಟು ಕೆಡಿಸುತ್ತದೆ. ಆದ್ದರಿಂದ ಶನಿವಾರದ ಸೂರ್ಯನ ಚಿತ್ರ ನೋಡಿ ಖುಷಿಪಡಬೇಡಿ. ಶುಕ್ರವಾರ ರಾತ್ರಿ ಆಕಾಶ ತಿಳಿಯಾಗಿರುತ್ತದೆಯೇ ಎಂದು ನೋಡಿ.

ನನ್ನ ಮೊದಲ ಏಪ್ರಿಲ್‌ನಲ್ಲಿ ಹಳದಿ ದಾರಿಫಲಕವನ್ನು ನಂಬಿ ಹೊರಟಿದ್ದೆ. ‘1 ಗಂಟೆ 20 ನಿಮಿಷ’ ಎಂದು ಬರೆದಿತ್ತು. ಆ ಸಮಯ ಒಣ ನೆಲದ್ದು, ಎಲ್ಲಿಯೂ ನಿಲ್ಲದೆ ನಡೆದರೆ ಹಿಡಿಯುವಷ್ಟು ಎಂದು ಗೊತ್ತಿರಲಿಲ್ಲ. ಬೆಳಿಗ್ಗೆ ಹತ್ತರವರೆಗೆ ಹಿಮ ನನ್ನನ್ನು ಹೊತ್ತಿತು. ಹನ್ನೊಂದರ ಹೊತ್ತಿಗೆ ಬೂಟು ಮುಳುಗತೊಡಗಿತು. ಹನ್ನೆರಡಕ್ಕೆ ತೊಡೆಯವರೆಗೆ. ಒಂದು ಕಾಲು ಎಳೆದುಕೊಂಡರೆ ಇನ್ನೊಂದು ಇಳಿಯುತ್ತಿತ್ತು. ಒಮ್ಮೆ ಬೂಟು ಒಳಗೇ ಉಳಿದು ಕಾಲುಚೀಲ ಮಾತ್ರ ಮೇಲೆ ಬಂತು. ಬಗ್ಗಿ ಕೈಯಿಂದ ತೋಡುತ್ತಿದ್ದಾಗ ಮೇಲಿನ ಇಳಿಜಾರಿನಿಂದ ಲಿಂಬೆ ಗಾತ್ರದ ಹಿಮದುಂಡೆಗಳು ಉರುಳಿ ಬಂದು ನನ್ನ ಪಕ್ಕದಲ್ಲಿ ನಿಂತವು. ಮುದ್ದಾಗಿವೆ ಎಂದು ಫೋಟೊ ತೆಗೆದೆ. ಮೇಲ್ಪದರ ಒದ್ದೆಯಾಗಿ ಹಿಡಿತ ಬಿಡುತ್ತಿದೆ ಎಂದು ಅವು ಹೇಳುತ್ತಿದ್ದವು ಎನ್ನುವುದು ಸಂಜೆ ಊರಿನ ಹಿರಿಯರೊಬ್ಬರು ಫೋಟೊ ನೋಡಿ ಬೈದ ಮೇಲೆ ತಿಳಿಯಿತು. ಇಂದಿಗೂ ಆ ಫೋಟೊ ಅಳಿಸಿಲ್ಲ.

ಅಂದಿನಿಂದ ನಾನು ಹಿಂತಿರುಗುವ ಹೊತ್ತನ್ನು ಮೊದಲು ನಿಶ್ಚಯಿಸುತ್ತೇನೆ. ಹನ್ನೊಂದಕ್ಕೆ ಕಡಿದಾದ ಜಾಗಗಳಿಂದ ಆಚೆ ಬಂದಿರಬೇಕು ಎಂದಿಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಹಾಗೆ ಲೆಕ್ಕ ಹಾಕಿದರೆ ಜ್ಯೂರಿಕ್‌ನಿಂದ ಹೊರಡುವವರಿಗೆ ಮೊದಲ ರೈಲೂ ತಡವೆನಿಸಬಹುದು. ಶುಕ್ರವಾರ ಸಂಜೆಯೇ ಬೆಟ್ಟದ ಬುಡದ ಊರಿಗೆ ಹೋಗಿ ಮಲಗುವುದು ಮೇಲು. ಬಿಸಿಲು ಮೊದಲು ತಾಗುವುದು ಪೂರ್ವದ ಇಳಿಜಾರಿಗೆ, ಆಮೇಲೆ ದಕ್ಷಿಣಕ್ಕೆ, ಕೊನೆಗೆ ಪಶ್ಚಿಮಕ್ಕೆ. ಪೂರ್ವಕ್ಕೆ ಮುಖಮಾಡಿದ ದಾರಿಯಾದರೆ ನಿಮ್ಮ ಗಡುವನ್ನು ಇನ್ನೂ ಮುಂಚೆ ಇಟ್ಟುಕೊಳ್ಳಿ.

ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಎಸ್‌ಎಲ್‌ಎಫ್ ಹಿಮಕುಸಿತದ ಪ್ರಕಟಣೆ ಹೊರಡಿಸುತ್ತದೆ. ಅದರ ಆ್ಯಪ್ ‘ವೈಟ್ ರಿಸ್ಕ್’. ಇಂಗ್ಲಿಷ್‌ನಲ್ಲೂ ಇರುವುದರಿಂದ ಜರ್ಮನ್ ಬಾರದು ಎಂಬ ನೆಪ ನಡೆಯುವುದಿಲ್ಲ. ಅಪಾಯಕ್ಕೆ 1ರಿಂದ 5ರವರೆಗೆ ಮಟ್ಟಗಳಿವೆ. ಐದರಲ್ಲಿ ಮೂರು ಎಂದರೆ ಮಧ್ಯಮ ಎಂದು ಓದಿಕೊಳ್ಳುವುದೇ ಹೊಸಬರ ದೊಡ್ಡ ತಪ್ಪು. ಮಧ್ಯಮ ಎಂಬ ಹೆಸರಿರುವುದು 2ಕ್ಕೆ. 3ರ ಹೆಸರು ‘ಗಣನೀಯ’, ಮತ್ತು ಈ ದೇಶದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತವರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತಿರುವುದು 3 ಎಂದು ಘೋಷಿಸಿದ ದಿನಗಳಲ್ಲೇ. 4 ಮತ್ತು 5ರ ದಿನ ಜನ ಹೆದರಿ ಮನೆಯಲ್ಲಿರುತ್ತಾರೆ. ಅಂಕಿಯ ಜೊತೆಗಿರುವ ಬರಹವನ್ನೂ ಓದಿ. ವಸಂತದಲ್ಲಿ ಬೆಳಿಗ್ಗೆ 1 ಇದ್ದ ಅಪಾಯ ಮಧ್ಯಾಹ್ನಕ್ಕೆ 3ಕ್ಕೆ ಏರುವುದುಂಟು. ಅದನ್ನು ತಿಳಿಸುವುದು ಆ ಬರಹವೇ.

ಇಲ್ಲಿನ ಸರ್ಕಾರಿ ನಕ್ಷಾ ಸಂಸ್ಥೆ ಸ್ವಿಸ್‌ಟೋಪೊದ ನಕ್ಷೆಯಲ್ಲಿ, ಇಳಿಜಾರು ಎಷ್ಟು ಕಡಿದೆಂದು ಬಣ್ಣಗಳಲ್ಲಿ ತೋರಿಸುವ ಪದರವನ್ನು ತೆರೆಯಿರಿ. 30 ಡಿಗ್ರಿಯಿಂದ ಹಳದಿ, ನಂತರ ಕಿತ್ತಳೆ, ಕೆಂಪು, ನೇರಳೆ. ದೊಡ್ಡ ಹಿಮಕುಸಿತಗಳು ಸಾಮಾನ್ಯವಾಗಿ 30 ಡಿಗ್ರಿಗಿಂತ ಕಡಿದಾದ ಕಡೆ ಶುರುವಾಗುತ್ತವೆ. ನಿಮ್ಮ ದಾರಿ ಸಮತಟ್ಟಾಗಿದೆ ಎಂದು ಸಮಾಧಾನಪಡಬೇಡಿ, ಅದರ ನೆತ್ತಿಯ ಮೇಲೆ ಯಾವ ಬಣ್ಣವಿದೆ ನೋಡಿ. ನೀವು ಕಳಿಸಿದ ದಾರಿಯ ಎರಡನೆಯ ಭಾಗ ಕಿತ್ತಳೆಯ ಅಡಿಯಲ್ಲೇ ಹಾದುಹೋಗುತ್ತದೆ.

ಇನ್ನೊಂದು ಬಗೆಯ ಹಿಮಕುಸಿತಕ್ಕೆ ಗಡಿಯಾರವೂ ಕೆಲಸಕ್ಕೆ ಬಾರದು. ನುಣುಪಾದ ಹುಲ್ಲಿನ ಇಳಿಜಾರಿನಲ್ಲಿ ಇಡೀ ಹಿಮದ ಹೊದಿಕೆಯೇ ನೆಲದ ಮೇಲೆ ನಿಧಾನವಾಗಿ ಜಾರುತ್ತಿರುತ್ತದೆ. ಅಲ್ಲಿ ಅರ್ಧಚಂದ್ರಾಕಾರದ ಬಿರುಕು ಬಾಯ್ದೆರೆದು, ಒಳಗೆ ಕಂದು ಹುಲ್ಲು ಕಾಣುತ್ತದೆ. ಇಲ್ಲಿನವರು ಅದನ್ನು ‘ಮೀನಿನ ಬಾಯಿ’ ಎನ್ನುತ್ತಾರೆ. ಅದು ಬೆಳಗಿನ ಜಾವಕ್ಕೂ ಬೀಳಬಹುದು, ನಡುರಾತ್ರಿಗೂ ಬೀಳಬಹುದು, ವಾರಗಟ್ಟಲೆ ಹಾಗೇ ಇರಬಹುದು. ಅದರ ಕೆಳಗೆ ಬುತ್ತಿ ಬಿಚ್ಚಿ ಕೂತವರನ್ನು ನಾನು ಕಂಡಿದ್ದೇನೆ.

ಸಲಕರಣೆಯ ಬಗ್ಗೆ ಉದ್ದ ಪಟ್ಟಿ ಕೇಳಿದ್ದೀರಿ. ಕಡಿದಾದ ಹಿಮಕ್ಕೆ ಹೋಗುವವರು ಪ್ರತಿಯೊಬ್ಬರೂ ಸಂಕೇತ ಕಳಿಸಿ ಹಿಡಿಯುವ ಎಲ್‌ವಿಎಸ್ ಯಂತ್ರ, ಚುಚ್ಚಿ ನೋಡುವ ಕೋಲು, ಸಲಿಕೆ ಮೂರನ್ನೂ ಹೊತ್ತಿರಬೇಕು. ಹಿಮದಡಿ ಹೂತವರು ಬದುಕುವ ಸಾಧ್ಯತೆ ಮೊದಲ ಹತ್ತು ನಿಮಿಷಗಳ ನಂತರ ಸರ್ರನೆ ಇಳಿಯುತ್ತದೆ. ರೇಗಾ ಎಂಬ ರಕ್ಷಣಾ ಹೆಲಿಕಾಪ್ಟರ್ ಸೇವೆಯ ಸಂಖ್ಯೆ 1414 ಫೋನಿನಲ್ಲಿ ಇರಲಿ, ಆದರೆ ಅಷ್ಟರೊಳಗೆ ಅಗೆದು ತೆಗೆಯಬೇಕಾದವರು ಪಕ್ಕದಲ್ಲಿದ್ದವರೇ. ಬಳಸಲು ಕಲಿಯದ ಯಂತ್ರ ಬೆನ್ನಿಗೆ ಭಾರ. ನೀವು ನಾಲ್ವರಲ್ಲಿ ಯಾರೂ ಕಲಿತಿಲ್ಲವಾದ್ದರಿಂದ ಈ ವರ್ಷ 30 ಡಿಗ್ರಿಯ ಮಾತೇ ಬೇಡ. ಕಾಡಂಚಿನ, ಮೇಲೆ ಬಣ್ಣವೇ ಇಲ್ಲದ ದಾರಿಗಳು ಬೇಕಾದಷ್ಟಿವೆ. ಈ ತಿಂಗಳಲ್ಲಿ ಅನೇಕ ಕೇಬಲ್ ಕಾರುಗಳು ದುರಸ್ತಿಗೆ ನಿಂತಿರುತ್ತವೆ. ಮೇಲೆ ಹತ್ತಿ ಸುಸ್ತಾದರೆ ಅದರಲ್ಲೇ ಇಳಿಯೋಣ ಎಂದುಕೊಳ್ಳುವ ಮೊದಲು ವೇಳಾಪಟ್ಟಿ ನೋಡಿ.

ಶನಿವಾರ ಬೆಳಿಗ್ಗೆ ಹಿಮದ ಅಂಚು ತಲುಪಿದಾಗ ಹಿಮ್ಮಡಿಯಿಂದ ಒಮ್ಮೆ ಜೋರಾಗಿ ಒದೆಯಿರಿ. ಟಣ್ಣೆಂದು ಕಾಲೇ ನೊಂದರೆ ಮುಂದೆ ಹೋಗಿ. ಪಾದ ಮುಳುಗಿತೋ, ಗಂಟೆ ಎಷ್ಟೇ ಆಗಿರಲಿ, ಅಲ್ಲಿಂದಲೇ ತಿರುಗಿ. ಶುಕ್ರವಾರ ಸಂಜೆ ಐದರ ಪ್ರಕಟಣೆ ಓದಿದ ಮೇಲೆ ನನಗೆ ಬರೆಯಿರಿ. ಬದಲಿಸಿದ ದಾರಿಯನ್ನೂ ನೀವು ಇಳಿದು ಮುಗಿಸುವ ಹೊತ್ತನ್ನೂ ಹಾಕಿ. ಏಳಕ್ಕೆ ಮುಂಚೆ ಬಂದರೆ ನಕ್ಷೆ ನೋಡಿ ಅಂದೇ ಉತ್ತರಿಸುತ್ತೇನೆ.