ಅರ್ಲಿ ಹಾಕಿದರೆ ಚಾನ್ಸ್ ಜಾಸ್ತಿ ಅಲ್ವಾ ಮೇಡಂ?

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹುಡುಗಿ ಮಲೆನಾಡಿನವಳು. ಸೆಕೆಂಡ್ ಪಿಯು, ಪಿಸಿಎಂಬಿ, ಓದು ಮಂಗಳೂರಿನ ಕಡೆ ಹಾಸ್ಟೆಲ್‌ನಲ್ಲಿ. ಅಪ್ಪನಿಗೆ ಅಡಿಕೆ ತೋಟ, ಪೇಟೆಯಲ್ಲಿ ಒಂದು ಗೊಬ್ಬರದ ಅಂಗಡಿ. ಅಮ್ಮ ಹೈಸ್ಕೂಲ್ ಟೀಚರ್. ತಮ್ಮ ಎಂಟನೇ ಕ್ಲಾಸು. ವಿದೇಶದ ಕಾಲೇಜುಗಳಿಗೆ ಅರ್ಜಿ ಹಾಕುವವರಿಗೆ ಸಲಹೆ ಕೊಡುವುದು ನನ್ನ ಕೆಲಸ. 2024ರ ಸೆಪ್ಟೆಂಬರ್‌ನಲ್ಲಿ ಅಪ್ಪ, ಅಮ್ಮ, ಮಗಳು ನನ್ನ ಹತ್ತಿರ ಬಂದರು. ಬರುವ ಮೊದಲೇ ಎಲ್ಲ ತೀರ್ಮಾನವಾಗಿತ್ತು. ಅಮೆರಿಕದ ಬ್ರೌನ್ ಯೂನಿವರ್ಸಿಟಿಗೆ ಅರ್ಲಿ ಡಿಸಿಷನ್ (ಮಾಮೂಲಿ ಸುತ್ತಿಗಿಂತ ಮೊದಲೇ ಹಾಕುವ, ಸೀಟು ಕೊಟ್ಟರೆ ಸೇರಲೇಬೇಕಾದ ಅರ್ಜಿ) ಹಾಕುವುದು, ಫೈನಾನ್ಶಿಯಲ್ ಏಡ್ (ಖರ್ಚಿಗೆ ಕಾಲೇಜೇ ಕೊಡುವ ನೆರವು) ಕೇಳದೆ ಹಾಕುವುದು. ನಾನು ಪ್ರಬಂಧ ತಿದ್ದಿಕೊಟ್ಟರೆ ಸಾಕು.

ತೀರ್ಮಾನ ನ್ಯೂಜೆರ್ಸಿಯಲ್ಲಿರುವ ಸೋದರಮಾವನದು. ಅವರು ವಾಟ್ಸಾಪ್‌ನಲ್ಲಿ ಕಳಿಸಿದ ಲೆಕ್ಕವನ್ನು ಅಪ್ಪ ನನ್ನ ಮುಂದೆ ಹಿಡಿದರು. ಸೀಟು ಸಿಗುವುದು ಅರ್ಲಿಯಲ್ಲಿ ನೂರಕ್ಕೆ 14 ಜನರಿಗೆ, ರೆಗ್ಯುಲರ್‌ನಲ್ಲಿ, ಅಂದರೆ ಜನವರಿಯ ಮಾಮೂಲಿ ಸುತ್ತಿನಲ್ಲಿ, ನೂರಕ್ಕೆ 4 ಜನರಿಗೆ. "ನಾಲ್ಕು ಪಟ್ಟು ಹತ್ರ ಹತ್ರ ಆಯ್ತು. ಏಡ್ ಕೇಳಿದ್ರೆ ಪಕ್ಕಕ್ಕಿಡ್ತಾರಂತೆ. ಕೇಳೋದು ಬೇಡ ಅಂತ ಭಾವ ಹೇಳಿದ್ರು."

ಮಾವನ ಅಂಕಿ ಸುಳ್ಳಲ್ಲ. ಹಿಂದಿನ ಬ್ಯಾಚಿಗೆ ಬ್ರೌನ್‌ಗೆ ಅರ್ಲಿಯಲ್ಲಿ 6,244 ಅರ್ಜಿ ಬಂದಿದ್ದವು, 898 ಜನರಿಗೆ ಸೀಟು ಸಿಕ್ಕಿತು. ಎರಡೂ ಸುತ್ತು ಸೇರಿದರೆ 48,881 ಅರ್ಜಿ, 2,521 ಸೀಟು. ಹಾಳೆಯ ಮೇಲೆ ಕಳೆದು ತೋರಿಸಿದೆ. ರೆಗ್ಯುಲರ್‌ಗೆ ಉಳಿದದ್ದು 1,623 ಸೀಟು. ನೂರಕ್ಕೆ ನಾಲ್ಕೂ ಮುಟ್ಟುವುದಿಲ್ಲ. ಅಪ್ಪನ ಮುಖದಲ್ಲಿ 'ನೋಡಿದ್ರಾ' ಅನ್ನುವ ಗೆಲುವು.

"ಸರಿ ಸರ್, ಆ 898 ಜನ ಯಾರು?" ಅಂತ ಕೇಳಿದೆ.

ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಅಮೆರಿಕದ ಈ ಯೂನಿವರ್ಸಿಟಿಗಳು ತಮ್ಮ ಕ್ರೀಡಾ ತಂಡಗಳಿಗೆ ಆಟಗಾರರನ್ನು ಮೊದಲೇ ಆರಿಸಿಕೊಳ್ಳುತ್ತವೆ. ಕೋಚ್‌ಗಳು ಅವರಿಗೆ ಅರ್ಲಿಯಲ್ಲೇ ಹಾಕಲು ಹೇಳುತ್ತಾರೆ. ಅಲ್ಲೇ ಓದಿದವರ ಮಕ್ಕಳು, ಅಲ್ಲಿನ ಅಧ್ಯಾಪಕರ ಮಕ್ಕಳು, ದೊಡ್ಡ ದೇಣಿಗೆ ಕೊಟ್ಟವರ ಮಕ್ಕಳು ಕೂಡ ಈ ಸುತ್ತಿನಲ್ಲೇ ಜಾಸ್ತಿ. ಸೀಟು ಕೊಡುವಾಗ ಜನಾಂಗ ನೋಡುವ ಬಗ್ಗೆ ಹಾರ್ವರ್ಡ್ ಮೇಲಿದ್ದ ಕೇಸಿಗೆ 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತಲ್ಲ, ಆ ಕೇಸಿನಲ್ಲಿ ಒಳಗಿನ ಅಂಕಿಗಳು ಹೊರಗೆ ಬಂದವು. ಕೋಚ್ ಆರಿಸಿದ ಆಟಗಾರರು ಅರ್ಜಿ ಹಾಕಿದರೆ ನೂರಕ್ಕೆ ಸುಮಾರು 86 ಜನರಿಗೆ ಸೀಟು ಸಿಗುತ್ತಿತ್ತು. ಇಂಥವರೆಲ್ಲ ಸೇರಿ ಆದ ಸರಾಸರಿಯನ್ನು ನಮ್ಮ ಹುಡುಗಿಯ ಹೆಸರಿನ ಮುಂದೆ ಬರೆದುಕೊಳ್ಳುವುದು ಹೇಗೆ? ಅವಳು ದೋಣಿ ಹುಟ್ಟು ಹಾಕುವವಳಲ್ಲ, ಅವಳ ಅಜ್ಜ ಬ್ರೌನ್‌ನಲ್ಲಿ ಓದಿದವರೂ ಅಲ್ಲ.

ಹಾಗಂತ ಅರ್ಲಿಯಿಂದ ಏನೂ ಲಾಭವಿಲ್ಲ ಅನ್ನುವವಳಲ್ಲ ನಾನು. ಅರ್ಲಿ ಡಿಸಿಷನ್‌ನಲ್ಲಿ 'ಸೀಟು ಕೊಟ್ಟರೆ ಬಂದೇ ಬರುತ್ತೇನೆ' ಅಂತ ಬರೆದು ಕೊಡಬೇಕು. ಸೀಟು ಖಾಲಿ ಉಳಿಯುತ್ತದೋ ಅನ್ನುವ ಚಿಂತೆ ಕಾಲೇಜಿಗೆ ತಪ್ಪುತ್ತದೆ. ಅದಕ್ಕೆ ಬೆಲೆ ಇದೆ, ಅದನ್ನು ಅವರು ಸ್ವಲ್ಪ ತೀರಿಸುತ್ತಾರೆ. ನಾಲ್ಕು ಪಟ್ಟು ಮಾತ್ರ ಅಲ್ಲ. ಈ ಪದ್ಧತಿ ಅನುಕೂಲಸ್ಥರಿಗೇ ಅನುಕೂಲ ಅಂತ ಹಾರ್ವರ್ಡ್ 2006ರಲ್ಲಿ ತನ್ನ ಅರ್ಲಿ ಸುತ್ತನ್ನು ನಿಲ್ಲಿಸುವುದಾಗಿ ಹೇಳಿತ್ತು. ಪ್ರಿನ್ಸ್‌ಟನ್ ಕೂಡ ಹಿಂದೆಯೇ ಹೋಯಿತು. ಉಳಿದವರಲ್ಲಿ ಹೆಚ್ಚಿನವರು ನಿಲ್ಲಿಸಲಿಲ್ಲ. 2011ರಲ್ಲಿ ಇಬ್ಬರೂ ಮತ್ತೆ ಶುರು ಮಾಡಿದರು. ಅನುಕೂಲಸ್ಥರ ವಿಷಯ ಅಷ್ಟಕ್ಕೇ ನಿಂತಿತು ಬಿಡಿ.

ಆಮೇಲೆ ದುಡ್ಡಿನ ಮಾತು. ಇಲ್ಲಿ ಜಾಸ್ತಿ ಹೊತ್ತು ಕೂತೆವು.

ಫೀಸು, ಹಾಸ್ಟೆಲ್ಲು, ಊಟ ಎಲ್ಲ ಸೇರಿ ವರ್ಷಕ್ಕೆ ಸುಮಾರು 90 ಸಾವಿರ ಡಾಲರ್. ಆಗಿನ ದರದಲ್ಲಿ 75 ಲಕ್ಷ ರೂಪಾಯಿ. ನಾಲ್ಕು ವರ್ಷಕ್ಕೆ ಮೂರು ಕೋಟಿ. ಅಪ್ಪ ಈ ಮೊತ್ತ ಕೇಳಿ ಬೆಚ್ಚಲಿಲ್ಲ. "ತೋಟ ಇದೆಯಲ್ಲ ಮೇಡಂ" ಅಂದರು. ಅಮ್ಮ ಅಲ್ಲಿಯವರೆಗೂ ಸುಮ್ನೆ ಕೂತಿದ್ದರು. "ತೋಟ ಅತ್ತೆ ಹೆಸರಲ್ಲಿದೆ. ಮೈದುನಂದೂ ಪಾಲಿದೆ. ಸಣ್ಣೋನ ಗತಿ?" ಅಂದರು. ಅಪ್ಪ ಕಿಟಕಿ ಕಡೆ ನೋಡಿದರು.

ಏಡ್ ಕೇಳದೆ ಅರ್ಲಿ ಡಿಸಿಷನ್ ಹಾಕಿದರೆ ಏನಾಗುತ್ತದೆ ಅನ್ನುವುದನ್ನು ನಿಧಾನಕ್ಕೆ ಬಿಡಿಸಿ ಹೇಳಿದೆ. ಆ ಒಪ್ಪಂದಕ್ಕೆ ವಿದ್ಯಾರ್ಥಿ ಸಹಿ ಹಾಕಬೇಕು, ಪೋಷಕರು ಹಾಕಬೇಕು, ಈಗ ಓದುತ್ತಿರುವ ಪಿಯು ಕಾಲೇಜಿನ ಕಡೆಯವರೂ ಹಾಕಬೇಕು. ಸೀಟು ಬಂದರೆ ಉಳಿದ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಬೇಕು. ತಪ್ಪಿಸಿಕೊಳ್ಳಲು ಮರ್ಯಾದೆಯ ದಾರಿ ಇರುವುದು ಒಂದೇ: ನೀವು ಕೊಟ್ಟ ಏಡ್ ನಮಗೆ ಸಾಲದು ಅನ್ನುವುದು. ಏಡ್ ಕೇಳಿಯೇ ಇಲ್ಲದವರು ಹಾಗೆ ಹೇಳಲು ಬರುವುದಿಲ್ಲ. ಮುಂದಿನ ವರ್ಷ ಕೇಳೋಣ ಅಂದರೂ ಅನೇಕ ಕಡೆ ವಿದೇಶಿ ವಿದ್ಯಾರ್ಥಿಗಳಿಗೆ ಆ ಬಾಗಿಲು ಮುಚ್ಚಿರುತ್ತದೆ. ಅರ್ಜಿ ಹಾಕುವಾಗ ಕೇಳದಿದ್ದರೆ ನಾಲ್ಕೂ ವರ್ಷ ಕೇಳುವ ಹಾಗಿಲ್ಲ.

ಮಾವ ಹೇಳಿದ 'ಏಡ್ ಕೇಳಿದ್ರೆ ಪಕ್ಕಕ್ಕಿಡ್ತಾರೆ' ಅನ್ನುವುದು ಅರ್ಧ ನಿಜ. ಕಾರ್ನೆಲ್, ಕೊಲಂಬಿಯಾ, ಪೆನ್, ಡ್ಯೂಕ್‌ನಂಥ ಕಡೆ ವಿದೇಶಿ ವಿದ್ಯಾರ್ಥಿ ಏಡ್ ಕೇಳಿದ್ದಾನೋ ಇಲ್ಲವೋ ಅನ್ನುವುದನ್ನು ಆಯ್ಕೆ ಮಾಡುವಾಗ ನೋಡುತ್ತಾರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಆಮ್‌ಹರ್ಸ್ಟ್, ಬೌಡನ್ ನೋಡುವುದಿಲ್ಲ. ಬ್ರೌನ್ ಸರಿಯಾಗಿ ಅದೇ ವರ್ಷ, ಅಂದರೆ 2025ರಲ್ಲಿ ಸೇರುವ ಬ್ಯಾಚಿನಿಂದ, ವಿದೇಶಿಯರಿಗೂ ಈ ನಿಯಮ ತಂದಿತ್ತು. ಮಾವನಿಗೆ ಇದು ಗೊತ್ತಿರಲಿಲ್ಲ. ಅಂದರೆ ಏಡ್ ಕೇಳಬೇಡಿ ಅಂತ ಅವರು ಹೇಳಿದ್ದು, ಕೇಳಿದರೆ ನಷ್ಟವೇ ಇಲ್ಲದ ಕಡೆಗೆ.

ಹುಡುಗಿಯ ಜೊತೆ ಒಬ್ಬಳೇ ಇದ್ದಾಗ ಮಾತಾಡಿದೆ. ಬ್ರೌನ್ ಯಾಕೆ ಅಂದೆ. "ಮಾವ ಹೇಳಿದ್ರು." ನಿನಗೆ ಏನು ಇಷ್ಟ ಅಂದೆ. ಬ್ಯಾಗಿನಿಂದ ಒಂದು ಲಾಂಗ್‌ಬುಕ್ ತೆಗೆದಳು. ಮಳೆಯಲ್ಲಿ ನೆನೆದು ಅಂಚು ಉಬ್ಬಿತ್ತು. ಒಳಗೆ ಅವರ ಊರಿನ ತೋಟಗಳ ನಕ್ಷೆ, ಕೈಯಲ್ಲೇ ಬಿಡಿಸಿದ್ದು. ಯಾವ ತೋಟಕ್ಕೆ ಎಲೆಚುಕ್ಕಿ ರೋಗ ಯಾವ ತಿಂಗಳು ಬಂತು, ಯಾರು ಮದ್ದು ಹೊಡೆದರು, ಯಾರು ಸೋಗೆ ಕಡಿದು ಸುಟ್ಟರು, ಆ ವಾರ ಎಷ್ಟು ಮಳೆ, ಎಲ್ಲ ಕೆಂಪು ನೀಲಿ ಪೆನ್ನಿನಲ್ಲಿ ಗುರುತು ಮಾಡಿದ್ದಳು. ಒಂದು ಪುಟದ ಮೂಲೆಯಲ್ಲಿ 'ಸುಬ್ಬಣ್ಣಯ್ಯ ಸುಳ್ಳು ಹೇಳಿದ್ದಾರೆ, ಮದ್ದು ಹೊಡೆದಿಲ್ಲ' ಅಂತ ಬರೆದಿತ್ತು. ಮಾವ ತಿದ್ದಿ ಕಳಿಸಿದ್ದ ಪ್ರಬಂಧದಲ್ಲಿ ಈ ಪುಸ್ತಕದ ಸುದ್ದಿಯೇ ಇಲ್ಲ. ಅದರಲ್ಲಿ ಇದ್ದದ್ದು 'ನಾಯಕತ್ವ'.

ಇನ್ನೊಂದು ಸಂಗತಿಯೂ ಇತ್ತು. ಊರಿನ ಶಾಲೆಯಿಂದ ಬಂದವಳಿಗೆ ಫಸ್ಟ್ ಪಿಯು ಹೊಂದಿಕೊಳ್ಳುವುದರಲ್ಲೇ ಕಳೆದಿತ್ತು, ಮಾರ್ಕ್ಸು ಕಮ್ಮಿ. ಸೆಕೆಂಡ್ ಪಿಯುನಲ್ಲಿ ಏರುತ್ತಿದ್ದಳು. ಅರ್ಲಿಗೆ ಕೊನೆ ದಿನ ನವೆಂಬರ್ 1. ಆಗ ಅವರ ಕೈಗೆ ಸಿಗುವುದು ಆ ಫಸ್ಟ್ ಪಿಯು ಮಾರ್ಕ್ಸ್ ಕಾರ್ಡು ಮಾತ್ರ. ಜನವರಿಗೆ ಹಾಕಿದರೆ ಮಧ್ಯಾವಧಿ ಪರೀಕ್ಷೆಯ ಮಾರ್ಕ್ಸ್ ಸೇರುತ್ತದೆ. ಶಿಫಾರಸು ಪತ್ರ ಬರೆಯಬೇಕಾದ ಬಯಾಲಜಿ ಮೇಡಂಗೂ ಅವಳ ಪರಿಚಯ ಆಗಿದ್ದು ಜೂನ್‌ನಿಂದ ಈಚೆಗೆ. ಎಸ್‌ಎಟಿಯಂಥ ಪ್ರವೇಶ ಪರೀಕ್ಷೆಯನ್ನು ಬ್ರೌನ್ ಆ ವರ್ಷ ಮತ್ತೆ ಕಡ್ಡಾಯ ಮಾಡಿತ್ತು. ಇವಳು ಒಮ್ಮೆ ಬರೆದಿದ್ದ ಸ್ಕೋರು ಸಾಲುವಂತಿರಲಿಲ್ಲ. ಇಡ್ಲಿ ಬೇಯುವ ಮೊದಲು ಪಾತ್ರೆ ಇಳಿಸಿದ ಹಾಗೆ ಆಗುತ್ತಿತ್ತು.

ನಾನು ಕೊಟ್ಟ ಸಲಹೆ ಇದು.

ಏಡ್ ಇಲ್ಲದೆ ಅರ್ಲಿ ಡಿಸಿಷನ್ ಬೇಡವೇ ಬೇಡ. ಏಡ್ ಕೇಳಿ ಹಾಕುವುದಾದರೂ, ಅದೇ ಕಾಲೇಜು ಬೇಕು ಅಂತ ಹುಡುಗಿಯೇ ಹೇಳಬೇಕು. ಅವಳು ಹೇಳುತ್ತಿಲ್ಲ. ಅಪ್ಪ ಯೇಲ್, ಹಾರ್ವರ್ಡ್ ಕೇಳಿದರು, ಅಲ್ಲಿ ಅರ್ಲಿ ಇದ್ದರೂ ಬಂದೇ ಬರುತ್ತೇನೆ ಅನ್ನುವ ಕಟ್ಟು ಇಲ್ಲವಲ್ಲ ಅಂತ. ನಿಜ. ಹಾರ್ವರ್ಡ್‌ನಲ್ಲಿ ಹಿಂದಿನ ವರ್ಷ ಅರ್ಲಿಗೆ ಹಾಕಿದ 7,921 ಜನರಲ್ಲಿ 692 ಜನರಿಗೆ ಸಿಕ್ಕಿತ್ತು. ಅಲ್ಲೂ ಅದೇ ಆಟಗಾರರು, ಅದೇ ಹಳೇ ವಿದ್ಯಾರ್ಥಿಗಳ ಮಕ್ಕಳು. ಬೇರೆಯವರಿಗಾದರೆ ಹಾಕಿ ನೋಡಿ ಅನ್ನುತ್ತಿದ್ದೆ. ಇವಳಿಗೆ ಆ ಎರಡು ತಿಂಗಳು ಬೇಕು. ರೆಗ್ಯುಲರ್‌ನಲ್ಲಿ, ಎಲ್ಲ ಕಡೆ ಏಡ್ ಕೇಳಿ ಹಾಕಿ.

ಜೊತೆಗೆ, ವರ್ಷಕ್ಕೆ ಎಷ್ಟು ದುಡ್ಡು ಕೊಡಬಲ್ಲಿರಿ ಅನ್ನುವುದನ್ನು ಇವತ್ತೇ ಬರೆದಿಡಿ ಅಂದೆ. ಸೀಟು ಬಂದ ದಿನ ಮನಸ್ಸು ಹತೋಟಿಯಲ್ಲಿ ಇರುವುದಿಲ್ಲ. ಗಂಡ ಹೆಂಡತಿ ಹೊರಗೆ ಹೋಗಿ ಕಾಫಿ ಕುಡಿದು ಬಂದು ಎಂಟು ಲಕ್ಷ ಅಂತ ಬರೆದರು. ಬರೆದದ್ದು ಅಮ್ಮ.

ಏಡ್ ಅರ್ಜಿಯೇ ಒಂದು ದೊಡ್ಡ ಕೆಲಸ. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ. ಹಾಗಾಗಿ ಅಪ್ಪನ ರಿಟರ್ನ್ಸ್‌ನಲ್ಲಿ ಎದ್ದು ಕಾಣುವುದು ಅಂಗಡಿಯ ಲೆಕ್ಕ. "ತೋಟದ್ದು ಬಿಟ್ಟರಾಯ್ತು" ಅಂದರು. ಖಂಡಿತ ಬೇಡ ಅಂದೆ. ಮೂರು ವರ್ಷದ ಮಂಡಿ ಬಿಲ್ಲು, ಪಹಣಿ, ತೋಟದಲ್ಲಿ ಅಜ್ಜಿ ಮತ್ತು ಚಿಕ್ಕಪ್ಪನ ಪಾಲು ಎಷ್ಟು, ಎಲೆಚುಕ್ಕಿಯಿಂದ ಫಸಲು ಎಷ್ಟು ಬಿತ್ತು, ಎಲ್ಲವನ್ನೂ ಒಂದು ಪುಟದ ಪತ್ರವಾಗಿ ಬರೆದು ಸೇರಿಸಿದೆವು. ಅಲ್ಲಿ ಕೂತವರಿಗೆ ಅಡಿಕೆ ಅಂದರೇನು ಅಂತಲೂ ಗೊತ್ತಿರುವುದಿಲ್ಲ.

ಸಿಇಟಿ ಬಿಡಬಾರದು ಅನ್ನುವುದು ನನ್ನ ಇನ್ನೊಂದು ಮಾತು. ಅದರಲ್ಲೂ ಬಿಎಸ್ಸಿ ಅಗ್ರಿಗೆ ಕೃಷಿಕರ ಕೋಟಾ ಇದೆ, ಪ್ರಾಯೋಗಿಕ ಪರೀಕ್ಷೆ ಇದೆ. ಅದನ್ನು ಸೋತವರ ದಾರಿ ಅಂತ ಮನೆಯಲ್ಲಿ ಯಾರೂ ಆಡಬೇಡಿ ಅಂತ ಅಪ್ಪನಿಗೆ ಖಾರವಾಗಿಯೇ ಹೇಳಿದೆ.

ಲಾಂಗ್‌ಬುಕ್ಕಿನ ಮೇಲೆ ಹೊಸ ಪ್ರಬಂಧ ಬರೆದಳು. ಸುಬ್ಬಣ್ಣಯ್ಯನ ಹೆಸರು ತೆಗೆಸಿದೆ, ವಿಷಯ ಉಳಿಸಿದೆ. ಮಾವ ಫೋನಿನಲ್ಲಿ ಸ್ವಲ್ಪ ದಿನ ಮುನಿಸಿಕೊಂಡರು.

ಮಾರ್ಚ್ ಕೊನೆಗೆ ಉತ್ತರಗಳು ಬಂದವು. ದೊಡ್ಡ ಹೆಸರಿನವು ಎಲ್ಲವೂ ಇಲ್ಲ ಅಂದವು. ಒಂದು ಸಣ್ಣ ಕಾಲೇಜು ಸೀಟು ಕೊಟ್ಟಿತು, ಏಡನ್ನೂ ಕೊಟ್ಟಿತು. ಆದರೂ ಮನೆಯಿಂದ ವರ್ಷಕ್ಕೆ ಹದಿನೈದು ಲಕ್ಷ ಬೇಕಿತ್ತು. ಮರುಪರಿಶೀಲನೆಗೆ ಪತ್ರ ಬರೆದೆವು. ಸ್ವಲ್ಪ ಏರಿಸಿದರು, ಎಂಟಕ್ಕೆ ಬರಲಿಲ್ಲ. ಬಿಡುವುದು ಅಂತ ಹೇಳಿದವಳು ಹುಡುಗಿಯೇ. ಎರಡು ದಿನ ಅತ್ತಳು ಅಂತ ಅಮ್ಮ ಆಮೇಲೆ ಹೇಳಿದರು.

ಅಪ್ಪ ಒಬ್ಬರೇ ಒಮ್ಮೆ ಫೋನ್ ಮಾಡಿದರು. "ಆವತ್ತು ಅರ್ಲಿ ಹಾಕಿದ್ರೆ ಸಿಗ್ತಿತ್ತಾ ಮೇಡಂ?" ಸಿಗುತ್ತಿತ್ತೋ ಇಲ್ಲವೋ ಯಾರೂ ಹೇಳಲಾರರು, ಸಿಕ್ಕಿದ್ದರೆ ಈಗ ತೋಟಕ್ಕೆ ಗಿರಾಕಿ ಹುಡುಕುತ್ತಿದ್ದಿರಿ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ತೋಟ ಮಾರೋಕೆ ನಮ್ಮಮ್ಮ ಸಹಿ ಹಾಕ್ತಿರ್ಲಿಲ್ಲ ಬಿಡಿ" ಅಂದರು.

ಹುಡುಗಿ ಈಗ ಬಿಎಸ್ಸಿ ಅಗ್ರಿ ಓದುತ್ತಿದ್ದಾಳೆ. ಅಮೆರಿಕದ ಆಸೆ ಬಿಟ್ಟಿಲ್ಲ. ಅಲ್ಲಿ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವವರಿಗೆ ಸಾಮಾನ್ಯವಾಗಿ ಫೀಸು ಮನ್ನಾ, ಕೈಗೆ ಸ್ಟೈಪೆಂಡ್. ಮನೆಯ ಆಸ್ತಿ ಯಾರೂ ಕೇಳುವುದಿಲ್ಲ. ಯಾವ ಪ್ರೊಫೆಸರ್ ಎಲೆರೋಗದ ಮೇಲೆ ಕೆಲಸ ಮಾಡುತ್ತಾರೆ ಅಂತ ಪಟ್ಟಿ ಮಾಡು, ಮೂರನೇ ವರ್ಷಕ್ಕೆ ಬಾ ಅಂತ ಹೇಳಿದ್ದೇನೆ. ಪಟ್ಟಿ ಆಗಲೇ ಬಂದಿದೆ, ಕೆಂಪು ನೀಲಿ ಪೆನ್ನಿನಲ್ಲಿ.