ಬೇರಿಂಗ್ ಬದಲಿಸಿದ ಮೇಲೆ ಇಎಸ್‌ಸಿ ದೀಪ ಮತ್ತೆ ಮತ್ತೆ ಹತ್ತುತ್ತಿದೆ, ಮಾಡ್ಯೂಲ್ ಹೋಗಿದೆಯೇ?

ಪ್ರಶ್ನೆ: ಕಾರಿನ ಮುಂದಿನ ಎಡ ಚಕ್ರದ ಬೇರಿಂಗ್ ಬದಲಿಸಿ ಒಂದು ವಾರವಾಯಿತು. ಆವತ್ತಿನಿಂದ ಇಎಸ್‌ಸಿ (ಕಾರು ಜಾರದಂತೆ ಹಿಡಿತದಲ್ಲಿಡುವ ವ್ಯವಸ್ಥೆ) ಮತ್ತು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ಲಾಕ್ ಆಗುವುದನ್ನು ತಡೆಯುವ ವ್ಯವಸ್ಥೆ) ದೀಪಗಳ ಕಾಟ. ಸ್ಟಾರ್ಟ್ ಮಾಡಿದಾಗ ಎರಡೂ ಆರುತ್ತವೆ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಹತ್ತಿಕೊಳ್ಳುತ್ತವೆ. ಆ ಚಕ್ರಕ್ಕೆ ವೇಗ ಅಳೆಯುವ ಹೊಸ ಸೆನ್ಸರ್ ಹಾಕಿಸಿದೆ, ಪ್ರಯೋಜನವಾಗಲಿಲ್ಲ. ಈಗ ಮೆಕ್ಯಾನಿಕ್ ಇವೆರಡನ್ನೂ ನಿಯಂತ್ರಿಸುವ ಮಾಡ್ಯೂಲನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ: ದಯವಿಟ್ಟು ಈಗಲೇ ಬದಲಿಸಬೇಡಿ. ನನ್ನ ಅನುಮಾನವೆಲ್ಲ ಆ ಹೊಸ ಬೇರಿಂಗ್ ಮೇಲೇ.

ನೀವು ಬರೆದ ಒಂದು ಮಾತು ಬಹಳ ಮುಖ್ಯ: ಸ್ಟಾರ್ಟ್ ಮಾಡಿದಾಗ ದೀಪ ಆರುತ್ತದೆ, ಓಡಿದಾಗ ಹತ್ತುತ್ತದೆ. ಕಾರು ನಿಂತಿರುವಾಗ ಮಾಡ್ಯೂಲ್ ತನ್ನನ್ನೂ ಸೆನ್ಸರ್‌ಗಳ ವೈರನ್ನೂ ಪರೀಕ್ಷಿಸಿಕೊಳ್ಳುತ್ತದೆ. ವೈರ್ ತುಂಡಾಗಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಓಡಿದ ಮೇಲಷ್ಟೇ ತಪ್ಪು ಕಾಣುತ್ತಿದೆ ಅಂದರೆ, ಮೂರು ಚಕ್ರಗಳು ತಿರುಗುತ್ತಿವೆ ಎಂಬ ಸುದ್ದಿ ಬರುತ್ತಿದೆ, ನಾಲ್ಕನೆಯದರಿಂದ ಬರುತ್ತಿಲ್ಲ ಅಥವಾ ತಪ್ಪಾಗಿ ಬರುತ್ತಿದೆ.

ಈಗಿನ ಬಹಳಷ್ಟು ಬೇರಿಂಗ್‌ಗಳಲ್ಲಿ ಒಂದು ಬದಿಯ ಸೀಲ್‌ನೊಳಗೇ ಅಯಸ್ಕಾಂತದ ಉಂಗುರ ಇರುತ್ತದೆ. ಸೆನ್ಸರ್ ಓದುವುದು ಅದನ್ನೇ. ನೋಡಲು ಎರಡೂ ಬದಿ ಹೆಚ್ಚುಕಮ್ಮಿ ಒಂದೇ ರೀತಿ, ಹಾಗಾಗಿ ಬೇರಿಂಗನ್ನು ತಿರುಗಾಮುರುಗಾ ಒತ್ತಿ ಕೂರಿಸುವುದು ಸುಲಭ. ಚಕ್ರ ಸದ್ದಿಲ್ಲದೆ ಚೆನ್ನಾಗಿಯೇ ತಿರುಗುತ್ತದೆ, ಆದರೆ ಉಂಗುರ ಸೆನ್ಸರ್‌ನಿಂದ ದೂರವಾಗಿರುತ್ತದೆ. ಆಗ ಎಷ್ಟು ಹೊಸ ಸೆನ್ಸರ್ ಹಾಕಿದರೂ ಅಷ್ಟೇ.

ಖಚಿತ ಮಾಡಿಕೊಳ್ಳಲು ಏನನ್ನೂ ಬಿಚ್ಚಬೇಕಿಲ್ಲ. ಎಬಿಎಸ್ ಓದಬಲ್ಲ ಸ್ಕ್ಯಾನರ್ ಬೇಕು. ಎಂಜಿನ್ ಕೋಡ್ ಮಾತ್ರ ತೋರಿಸುವ ಸಣ್ಣ ಸಾಧನ ಸಾಲದು, ಇಲ್ಲಿ ಬೇಕಾಗುವುದು 'ಸಿ' ಅಕ್ಷರದಿಂದ ಶುರುವಾಗುವ, ಬ್ರೇಕ್, ಸ್ಟೀರಿಂಗ್‌ನಂಥ ಭಾಗಗಳ ದೋಷ ಹೇಳುವ ಕೋಡ್‌ಗಳು. ಕೋಡ್ ಓದಿ ಅಲ್ಲಿಗೇ ನಿಲ್ಲಿಸಬೇಡಿ. ಲೈವ್ ಡೇಟಾ (ಓಡುವಾಗಲೇ ಸೆನ್ಸರ್‌ಗಳು ಕಳಿಸುವ ಅಂಕಿಗಳು) ತೆರೆದು, ನೇರ ರಸ್ತೆಯಲ್ಲಿ 20–30 ಕಿ.ಮೀ. ವೇಗದಲ್ಲಿ ಹೋಗಿ, ನಾಲ್ಕೂ ಚಕ್ರಗಳ ವೇಗ ನೋಡಿ. ಪರದೆ ನೋಡುವ ಕೆಲಸ ಪಕ್ಕದಲ್ಲಿ ಕೂತವರದ್ದು, ನಿಮ್ಮದಲ್ಲ. ಎಡ ಮುಂದಿನದು ಸೊನ್ನೆಯಲ್ಲೇ ನಿಂತರೆ ಬಹುಶಃ ಬೇರಿಂಗ್ ತಿರುಗುಮುರುಗಾಗಿದೆ ಅಥವಾ ಉಂಗುರವಿಲ್ಲದ ಬೇರಿಂಗ್ ಹಾಕಿದ್ದಾರೆ. ಅಂಕಿ ಹಾರಾಡುತ್ತಿದ್ದರೆ ಉಂಗುರಕ್ಕೆ ಪೆಟ್ಟಾಗಿರಬಹುದು, ಕಬ್ಬಿಣದ ಪುಡಿ ಅಂಟಿರಬಹುದು, ಇಲ್ಲವೇ ಸೆನ್ಸರ್ ಕೂರುವ ತೂತಿನಲ್ಲಿ ತುಕ್ಕು ಕಟ್ಟಿ ಅದು ಮೇಲೆದ್ದಿರಬಹುದು.

ಇನ್ನೊಂದು ಮಾತು. ಓಮ್ ಮೀಟರ್ (ವಿದ್ಯುತ್ ರೋಧ ಅಳೆಯುವ ಸಾಧನ) ಹಿಡಿದು ಸೆನ್ಸರ್ ಅಳೆಯಲು ಬಿಡಬೇಡಿ. ಈಗಿನವು ಹೆಚ್ಚಾಗಿ ಆಕ್ಟಿವ್ ಸೆನ್ಸರ್‌ಗಳು, ಒಳಗೆ ಎಲೆಕ್ಟ್ರಾನಿಕ್ಸ್ ಇರುತ್ತದೆ. ಓಮ್ ಲೆಕ್ಕದಿಂದ ಏನೂ ತಿಳಿಯದು, ಸೆನ್ಸರ್ ಹಾಳಾಗಲೂಬಹುದು.

ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಹೇಳುವ ಸ್ಟೀರಿಂಗ್ ಆಂಗಲ್ ಸೆನ್ಸರ್, ಕಾರು ಎಷ್ಟು ಬೇಗ ಪಕ್ಕಕ್ಕೆ ತಿರುಗುತ್ತಿದೆ ಎಂದು ಅಳೆಯುವ 'ಯಾ' (yaw) ಸೆನ್ಸರ್ ಕಡೆ ಈಗ ಹೋಗುವುದು ಬೇಡ. ಅವು ಕೆಟ್ಟರೆ ಸಾಮಾನ್ಯವಾಗಿ ಇಎಸ್‌ಸಿ ದೀಪ ಒಂದೇ ಉರಿಯುತ್ತದೆ, ನಿಮಗೆ ಎಬಿಎಸ್ ದೀಪವೂ ಬಂದಿದೆ ಅಲ್ವಾ? ನಾಲ್ಕೂ ಚಕ್ರಗಳ ಅಂಕಿ ಸರಿಯಿದ್ದರಷ್ಟೇ ಮಾಡ್ಯೂಲ್ ಮತ್ತು ಉಳಿದವುಗಳ ಮಾತು.

ದೋಷ ಸರಿಯಾಗುವವರೆಗೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಬಹುದು. ಒದ್ದೆ ರಸ್ತೆಯಲ್ಲಿ ಮುಂದಿನ ವಾಹನದಿಂದ ಜಾಸ್ತಿ ಅಂತರ ಬಿಡಿ. ಕೆಂಪು ಬ್ರೇಕ್ ದೀಪವೂ ಹತ್ತಿದರೆ ಓಡಿಸಲೇಬೇಡಿ.

ಬೇರಿಂಗ್ ತಪ್ಪಾಗಿದೆ ಎಂದು ಗೊತ್ತಾದರೆ, ಅದನ್ನೇ ತೆಗೆದು ತಿರುಗಿಸಿ ಹಾಕುತ್ತೇವೆ ಎಂದರೆ ಒಪ್ಪಬೇಡಿ. ಒತ್ತಿ ಹೊರತೆಗೆಯುವಾಗ ಅದಕ್ಕೆ ಪೆಟ್ಟಾಗಿರುತ್ತದೆ. ಹೊಸದನ್ನೇ ತರಿಸಿ, ಕೂರಿಸುವ ಮೊದಲು ಎರಡೂ ಬದಿಗೆ ಒಂದು ಪೇಪರ್ ಕ್ಲಿಪ್ ತಾಗಿಸಿ ನೋಡಲು ಹೇಳಿ. ಕ್ಲಿಪ್ ಮೆಲ್ಲಗೆ ಅಂಟಿಕೊಂಡ ಬದಿ ಸೆನ್ಸರ್ ಕಡೆಗೆ ಬರಬೇಕು.