1 ಗಿಗಾಬಿಟ್ ಲಿಂಕಿನಲ್ಲಿ 2 ಗಿಗಾಬಿಟ್ ದಟ್ಟಣೆ ಹೇಗೆ?

ಪ್ರಶ್ನೆ: ನಮ್ಮ ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿನಲ್ಲಿ ಸ್ವಿಚ್‌ಗಳನ್ನೆಲ್ಲ ನಿರ್ದೇಶಿಸುವ ಕೇಂದ್ರ ಪ್ರೋಗ್ರಾಂ ಆದ ಕಂಟ್ರೋಲರ್ ಸೆಕೆಂಡಿಗೊಮ್ಮೆ ಓಪನ್‌ಫ್ಲೋ ಎಂಬ ಪ್ರೋಟೊಕಾಲ್ ಮೂಲಕ ಎಲ್ಲ ಸ್ವಿಚ್‌ಗಳಿಂದ ಫ್ಲೋಗಳ (ಸ್ವಿಚ್ಚಿನ ಒಂದೊಂದು ನಿಯಮಕ್ಕೆ ಹೊಂದುವ ಪ್ಯಾಕೆಟ್ ಹರಿವುಗಳ) ಅಂಕಿಅಂಶ ಪಡೆಯುತ್ತದೆ. 1 ಗಿಗಾಬಿಟ್ ಸಾಮರ್ಥ್ಯದ ಲಿಂಕಿನ ಗ್ರಾಫ್ ಒಮ್ಮೆ ಸೊನ್ನೆಗಿಳಿದು, ಮರುಕ್ಷಣ 2 ಗಿಗಾಬಿಟ್ ಸಮೀಪಕ್ಕೆ ಏರುತ್ತದೆ. ಅಲ್ಪಾವಧಿಯ ಫ್ಲೋಗಳಂತೂ ಲೆಕ್ಕಕ್ಕೇ ಸಿಗುವುದಿಲ್ಲ. ಇನ್ನೂ ಬೇಗ ಬೇಗ ಕೇಳಿದರೆ ಸರಿಹೋದೀತೇ?

ಉತ್ತರ: ಸರಿಹೋಗುವುದಿಲ್ಲ, ಬಹುಮಟ್ಟಿಗೆ ಇನ್ನಷ್ಟು ಕೆಡುತ್ತದೆ. ಪ್ಯಾಕೆಟ್‌ಗಳನ್ನು ಎಣಿಸುವುದು ಸ್ವಿಚ್ಚಿನೊಳಗೆ ಅವನ್ನು ಮುಂದಕ್ಕೆ ಸಾಗಿಸುವ ಫಾರ್ವರ್ಡಿಂಗ್ ಚಿಪ್. ನಿಮ್ಮ ಕೋರಿಕೆಗೆ ಉತ್ತರಿಸುವುದು ಅದರ ಪಕ್ಕದ ಸಾಧಾರಣ ಪ್ರೊಸೆಸರ್. ಅನೇಕ ಸ್ವಿಚ್‌ಗಳಲ್ಲಿ ಈ ಪ್ರೊಸೆಸರ್ ಚಿಪ್ಪಿನ ಎಣಿಕೆಯನ್ನು ತನ್ನದೇ ಗತಿಯಲ್ಲಿ ಆಗಾಗ ನಕಲು ಮಾಡಿಟ್ಟುಕೊಂಡು, ಕೇಳಿದವರಿಗೆ ಆ ನಕಲನ್ನೇ ಕೊಡುತ್ತದೆ. ನಕಲು 2 ಸೆಕೆಂಡಿಗೊಮ್ಮೆ ಆಗುವಲ್ಲಿ ನೀವು ಸೆಕೆಂಡಿಗೊಮ್ಮೆ ಕೇಳಿದರೆ, ಒಂದು ಸಲ ಹಳೆಯ ಸಂಖ್ಯೆಯೇ ಮರಳಿ ಬಂದು ವೇಗ ಸೊನ್ನೆಯೆನಿಸುತ್ತದೆ, ಮುಂದಿನ ಸಲ 2 ಸೆಕೆಂಡಿನ ಬೈಟ್‌ಗಳೆಲ್ಲ ಒಂದೇ ಸೆಕೆಂಡಿನ ಲೆಕ್ಕಕ್ಕೆ ಜಮೆಯಾಗುತ್ತವೆ. ಆದ್ದರಿಂದ ಮೊದಲು ಒಂದೇ ವೇಗದ ದಟ್ಟಣೆ ಹರಿಸಿ, ಸಂಖ್ಯೆ ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತದೆಂದು ಗಮನಿಸಿ, ಕೇಳುವ ಅಂತರವನ್ನು ಅದರ ಹಲವು ಪಟ್ಟು ಇಡಿ. ಲಿಂಕಿನ ಒಟ್ಟು ಭಾರವಷ್ಟೇ ಬೇಕಿದ್ದರೆ ಸಾವಿರಾರು ಫ್ಲೋಗಳ ಗೋಜಿಗೇ ಹೋಗಬೇಕಿಲ್ಲ, ಆ ಲಿಂಕ್ ಸೇರುವ ಪೋರ್ಟಿನ ಅಂಕಿಅಂಶ ಸಾಕು.

ವೇಗ ಲೆಕ್ಕಹಾಕುವಾಗ ಕಂಟ್ರೋಲರಿನ ಗಡಿಯಾರವನ್ನು ನೆಚ್ಚಬೇಡಿ. ಫ್ಲೋವಿನ ನಿಯಮ ಸ್ವಿಚ್ಚಿನಲ್ಲಿ ಸ್ಥಾಪನೆಯಾಗಿ ಎಷ್ಟು ಹೊತ್ತಾಯಿತೆಂಬ ಅವಧಿ ಪ್ರತಿ ಉತ್ತರದಲ್ಲೂ ಇರುತ್ತದೆ. ಎರಡು ಉತ್ತರಗಳ ಬೈಟ್ ವ್ಯತ್ಯಾಸವನ್ನು ಅವುಗಳ ಅವಧಿಯ ವ್ಯತ್ಯಾಸದಿಂದಲೇ ಭಾಗಿಸಿ. ಇದರಿಂದ ಉತ್ತರ ದಾರಿಯಲ್ಲಿ ತಡವಾಗುವ ದೋಷ ತೊಲಗುತ್ತದೆಯೇ ಹೊರತು ಹಳೆಯ ನಕಲಿನ ದೋಷವಲ್ಲ. ಅವಧಿ ಹಿಂದಿನದಕ್ಕಿಂತ ಕಡಿಮೆಯಾಗಿದ್ದರೆ ಆ ನಿಯಮ ಅಳಿದು ಮತ್ತೆ ಸ್ಥಾಪನೆಯಾಗಿದೆ ಎಂದರ್ಥ. ಆಗ ಹಳೆಯ ಸಂಖ್ಯೆಯನ್ನು ಕಳೆಯಬಾರದು. ಎಣಿಕೆಯ ಜಾಗದಲ್ಲಿ 18446744073709551615 ಕಂಡರೆ ಗಾಬರಿ ಬೇಡ. ಅದು 64 ಬಿಟ್‌ಗಳಲ್ಲಿ ಹಿಡಿಸುವ ಅತಿದೊಡ್ಡ ಸಂಖ್ಯೆ. ಆ ಎಣಿಕೆ ತನ್ನಲ್ಲಿ ಇಲ್ಲವೆಂದು ಸ್ವಿಚ್ ಹೇಳುವ ರೀತಿ ಅದು. ಅದನ್ನು ಮೊತ್ತಕ್ಕೆ ಸೇರಿಸಿಬಿಡುವ ಪ್ರೋಗ್ರಾಂಗಳು ವಿಚಿತ್ರ ಗ್ರಾಫ್‌ಗಳನ್ನು ತೋರಿಸುತ್ತವೆ.

ಅಲ್ಪಾವಧಿಯ ಫ್ಲೋಗಳಿಗೆ ಬೇರೆ ದಾರಿಯಿದೆ. ನಿಯಮ ಸ್ಥಾಪಿಸುವಾಗಲೇ, ಅಳಿದಾಗ ತಿಳಿಸಬೇಕೆಂಬ ಫ್ಲ್ಯಾಗ್ (ಗುರುತು) ಹಾಕಿದರೆ, ಗಡುವು ಮುಗಿದು ನಿಯಮ ಹೋಗುವಾಗ ಸ್ವಿಚ್ ಕೊನೆಯ ಎಣಿಕೆಯನ್ನು ತಾನಾಗಿಯೇ ಕಳುಹಿಸುತ್ತದೆ. ಆದರೆ ಪ್ಯಾಕೆಟ್ ಬಾರದೆ ಸುಮ್ಮನಿದ್ದ ಕಾರಣಕ್ಕೆ ಅಳಿದ ಫ್ಲೋ ಆಗಿದ್ದರೆ, ಹಾಗೆ ಕಾದ ಹೊತ್ತೂ ಆ ಸಂದೇಶದ ಅವಧಿಯಲ್ಲಿ ಸೇರಿರುತ್ತದೆ. ಅದನ್ನು ಕಳೆದ ಮೇಲೆಯೇ ಸರಾಸರಿ ವೇಗ ತೆಗೆಯಿರಿ.